ಇನ್ನೂರ ಹದಿನಾಲ್ಕರಲ್ಲಿ ಒಂಬತ್ತು

ಆ ಸಂಖ್ಯೆಯನ್ನು ಏರಿಸಿದವನು ನಾನು, ರುಕ್ಮಿಣಕ್ಕ. ನೀವಲ್ಲ. ಅಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಹೇಳಬೇಕಿದ್ದ ಈ ಒಂದು ಮಾತನ್ನು ಇಷ್ಟು ವರ್ಷ ನುಂಗಿಕೊಂಡು ಕೂತೆ — ಥೂ, ನನ್ನ ಜನ್ಮಕ್ಕಿಷ್ಟು!

ತೊಂಬತ್ತರ ದಶಕದ ಕೊನೆ. ಸೇಲಂನ ನಮ್ಮ ಕಾಲೇಜಿಗೆ ಇಂಟರ್ನೆಟ್ ಬಂದ ಹೊಸತು. ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವನು. ನೀವು ಕಂಬೈನಲ್ಲೂರಿನಿಂದ ಬಸ್ಸು, ಮೊರಪ್ಪೂರಿನಿಂದ ರೈಲು ಹಿಡಿದು ಬರುತ್ತಿದ್ದ ತಾತ್ಕಾಲಿಕ ಗಣಿತದ ಮೇಡಂ. ಎಡಪ್ಪಾಡಿ ಸೀರೆಯ ಅಂಚಿನಲ್ಲಿ ಒಂದು ನಮೂನೆ ಎಷ್ಟು ಬಗೆಯಲ್ಲಿ ಮರಳಿ ಮರಳಿ ಬರಬಹುದು ಎಂದು ಹನ್ನೊಂದು ಪುಟದ ಲೇಖನ ಬರೆದಿದ್ದಿರಿ. ಅದನ್ನು ಕಾಲೇಜಿನ ವೆಬ್‌ಪುಟಕ್ಕೆ ಹಾಕಿದವನೂ, ಎಷ್ಟು ಸಲ ತೆರೆದರೆಂದು ತೋರಿಸುವ ಕೌಂಟರನ್ನು ಅದರ ಕೆಳಗೆ ಕೂರಿಸಿದವನೂ ನಾನೇ. ಆಡಳಿತ ಮಂಡಳಿಗೆ ಆ ಕೌಂಟರು ಬಲು ಹಿಡಿಸಿತು. ಕಾಯಂ ಹುದ್ದೆ ಇದ್ದದ್ದು ಒಂದೇ. ಯಾರ ಲೇಖನಕ್ಕೆ ಓದುಗರು ಹೆಚ್ಚೋ ಅವರಿಗೆ ಎಂದುಬಿಟ್ಟರು. ಒಂದು ಪುಟ ಅರ್ಥವಾಗಲು ಒಂದು ವಾರ ಬೇಕಾದ ವಿದ್ಯೆಯನ್ನು ಹೀಗೆ ಅಳೆಯುತ್ತಾರೆಯೇ?

ಪ್ರತಿ ಸೋಮವಾರ ಬಂದು ಕೇಳುತ್ತಿದ್ದಿರಿ, “ಎಷ್ಟಾಗೈತೆ ಲಾ?” ತಿಂಗಳಾದರೂ ಐದು ದಾಟಲಿಲ್ಲ. ನಿಮ್ಮ ಮುಖ ನೋಡಲಾರದೆ ನಾನೇ ಆ ಪುಟವನ್ನು ಮತ್ತೆ ಮತ್ತೆ ತೆರೆದೆ — ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಮೊಸರನ್ನದ ಡಬ್ಬಿ, ಇನ್ನೊಂದು ಕೈ ಮೌಸಿನ ಗುಂಡಿಯ ಮೇಲೆ. ಮರುಕ ಎಂದುಕೊಂಡೆ. ಸುಳ್ಳು. ನಾನು ಕಟ್ಟಿದ ಪುಟ ಬಿಕೋ ಎನ್ನುವುದು ನನಗೇ ಅವಮಾನವಾಗಿತ್ತು. “ಯಾರೋ ಓದ್ತಾವ್ರೆ ಕಣ್ಲಾ!” ಎಂದು ನೀವು ಹಿಗ್ಗಿದಿರಲ್ಲ — ಆಗಲಾದರೂ ನಿಲ್ಲಿಸಬೇಕಿತ್ತು.

ಇನ್ನೂರ ಹದಿನಾಲ್ಕಾಯಿತು. ಮಂಡಳಿಗೆ ಅನುಮಾನ ಬಂತು. ಪುಟವನ್ನು ಎಲ್ಲೆಲ್ಲಿಂದ ತೆರೆದಿದ್ದಾರೆಂಬ ದಾಖಲೆಯನ್ನು ನನ್ನ ಕೈಯಿಂದಲೇ ತೆಗೆಸಿದರು. ಹೆಚ್ಚುಕಡಿಮೆ ಎಲ್ಲವೂ ನಮ್ಮ ಲ್ಯಾಬಿನಿಂದಲೇ. ಲಾಭ ನಿಮ್ಮದು, ಹಾಗಾಗಿ ಕೈಯೂ ನಿಮ್ಮದೇ ಎಂದರು. “ಉಣ್ಮೈಯ ಸೊಲ್ಲುಂಗಮ್ಮಾ,” ನಿಜ ಹೇಳಿ ಎಂದು ಪ್ರಿನ್ಸಿಪಾಲರು ಗದರಿದರು. ನೀವು, ನಾನಲ್ಲ, ಆ ಮೆಷಿನ್ ಆನ್ ಮಾಡುವುದಕ್ಕೂ ನನಗೆ ಬಾರದು ಎಂದು ಅವರಿಗೆ ತಮಿಳಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ನಮ್ಮ ಮನೆಮಾತು ಕನ್ನಡದಲ್ಲಿ ಕೇಳಿದಿರಿ. “ನೀನಾರಾ ಒಂದು ಮಾತು ಯೇಳಪ್ಪ.”

“ನಂಗೊತ್ತಿಲ್ಲಕ್ಕ.”

ಇಷ್ಟೇ ಅಂದೆ. ನನ್ನ ಕೆಲಸ ಉಳಿಯಿತು. ನಿಮ್ಮದು ಹೋಯಿತು. ಮೇಜಿನ ಸುತ್ತ ಕೂತಿದ್ದ ಐವರಲ್ಲಿ ಒಬ್ಬರೂ ಆ ಹನ್ನೊಂದು ಪುಟ ಓದಿರಲಿಲ್ಲ! ಸಂಖ್ಯೆ ಸುಳ್ಳೆಂದ ಕೂಡಲೇ ನಿಮ್ಮ ಗಣಿತವೂ ಸುಳ್ಳಾಯಿತು ಅವರಿಗೆ. ಈಗಲೂ ಮೈ ಉರಿಯುತ್ತದೆ — ಆದರೆ ಆ ಅಳತೆಗೋಲನ್ನು ಅವರ ಕೈಗೆ ಕೊಟ್ಟವನು...

ಮುಂದಿನ ವರ್ಷ ಮೊರಪ್ಪೂರು ಸ್ಟೇಷನ್ನಿನಲ್ಲಿ ಸಿಕ್ಕಿದಿರಿ. ಬೈಯುತ್ತೀರಿ ಅಂದುಕೊಂಡೆ. ನೀವು ಕೇಳಿದ್ದು ಒಂದೇ: “ಅದ್ರಾಗೆ ನಿಜವಾಗ್ಲೂ ಓದಿದೋರು ಒಬ್ರಾದ್ರೂ ಇದ್ರಾ?” ರೈಲು ಬಂತೆಂದು ಹತ್ತಿಬಿಟ್ಟೆ. ನಾನು ಹತ್ತಬೇಕಿದ್ದ ರೈಲೂ ಅದಲ್ಲ.

ನಡೆದದ್ದನ್ನೆಲ್ಲ ಕಾಲೇಜಿಗೆ ನನ್ನ ಹೆಸರು ಹಾಕಿ ಬರೆದು ಕಳಿಸಿದ್ದೇನೆ. ಈ ಕಾಗದ ನಿಮಗೆ. ಓದಿದವರು ಇದ್ದರು, ಅಕ್ಕ. ಒಂಬತ್ತು ಸಲ ಹೊರಗಿನವರು ತೆರೆದಿದ್ದರು. ಒಬ್ಬರಂತೂ ನಾಲ್ಕು ಬೇರೆ ಬೇರೆ ದಿನ ಮರಳಿ ಬಂದಿದ್ದರು. ದಾಖಲೆಯಲ್ಲಿ ಅದನ್ನು ಕಣ್ಣಾರೆ ಕಂಡೂ ಬಾಯಿ ಬಿಡಲಿಲ್ಲ. ಉಳಿದ ಇನ್ನೂರ ಐದು ನನ್ನವು. ಅಷ್ಟು ಸಲದಲ್ಲಿ ಒಮ್ಮೆಯೂ ನಾನು ನಿಮ್ಮ ಮೊದಲ ಸಾಲನ್ನು ಓದಲಿಲ್ಲ.