ಡೆಲ್ಮರನ ಕೈಗೊಂದು ರೈಫಲ್

ಡೆಲ್ಮರ್ ಕ್ವಿಗ್ಲಿಯ ಬಲಗೈ ಹೋದದ್ದು ಏಪ್ರಿಲ್‌ನಲ್ಲಿ. ಹೋಯಿತೆಂದರೆ ಕಡಿದುಹೋಗಲಿಲ್ಲ, ಲಕ್ವ ಹೊಡೆಯಿತು. ಕಾಫಿ ಕುಡಿಯುತ್ತ ಕೂತವನ ಕೈಯಿಂದ ಲೋಟ ಜಾರಿ ಬಿತ್ತು, ಬಾಯಿ ಸೊಟ್ಟಗಾಯಿತು. ಜೂನ್ ಹೊತ್ತಿಗೆ ಬಾಯಿ ನೆಟ್ಟಗಾಯಿತು, ಕೈ ಮಾತ್ರ ಹಾಗೆಯೇ ಉಳಿಯಿತು. ತೋಳು ಏಳುತ್ತದೆ, ಬೆರಳು ಅರ್ಧ ಮಡಚುತ್ತವೆ, ಹಿಡಿತವಿಲ್ಲ.

ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೆ ಹೀಗಾಗಿದ್ದರೆ ಎಡಗೈಯಲ್ಲಿ ಬರೆದುಕೊಂಡು ಬದುಕುತ್ತಿದ್ದ. ಡೆಲ್ಮರ್ ಹೇರು ಹೊತ್ತ ಹೇಸರಗತ್ತೆಗಳ ಸಾಲು ನಡೆಸುವವನು. ವಯೋಮಿಂಗಿನ ನಮ್ಮ ಕಣಿವೆಯಿಂದ ಮೇಲಿನ ಬೇಟೆ ಬಿಡಾರಗಳಿಗೆ ರಸ್ತೆಯಿಲ್ಲ. ಗುಡಾರ, ಹಿಟ್ಟು, ವಿಸ್ಕಿ ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೆ ಹತ್ತಬೇಕು, ಬೇಟೆಯಾಡಿದ ಎಲ್ಕ್ ಜಿಂಕೆಯ ಮಾಂಸ ಅದೇ ಬೆನ್ನ ಮೇಲೆ ಇಳಿಯಬೇಕು. ನೆಬ್ರಾಸ್ಕಾದ ಬೀಟ್‌ಗಡ್ಡೆ ಹೊಲದಿಂದ ಮೀಸೆ ಮೂಡುವ ಮೊದಲೇ ಓಡಿಬಂದ ಈ ಮನುಷ್ಯ ಬೇರೆ ಕೆಲಸ ಕಲಿಯಲಿಲ್ಲ, ಕಲಿಯಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ. ಮದುವೆಯಾಗಲಿಲ್ಲ. ಮಾಲೀಕ ರೂಡ್‌ನ ಲಾಯದ ಹಿಂದಿನ ಕೋಣೆಯೇ ಅವನ ಮನೆ. ಒಮ್ಮೆ ಕಾಲು ಮುರಿದ ಅಡುಗೆಯವನನ್ನು ಎರಡು ಹೇಸರಗತ್ತೆಗಳ ನಡುವೆ ಜೋಲಿ ಕಟ್ಟಿ ಹಿಮದಲ್ಲಿ ಇಳಿಸಿಕೊಂಡು ಬಂದಿದ್ದ. ಆ ಅಡುಗೆಯವನು ಈಗಲೂ ಅವನನ್ನು ಬೈಯುತ್ತಾನೆ, ದಾರಿಯುದ್ದಕ್ಕೂ ಹಾಡಿದನಂತೆ.

ಆಗಸ್ಟ್ ಕೊನೆಯಲ್ಲಿ ರೂಡ್ ಅವನನ್ನು ಕರೆದು ಒಂದೇ ಮಾತು ಹೇಳಿದ. "ಶನಿವಾರ ಮೂರು ಗುಂಡು ಹೊಡಿ. ಬಕೆಟ್ ಮುಚ್ಚಳಕ್ಕೆ ಮೂರೂ ಬಿದ್ರೆ ಈ ವರ್ಷದ ಸಾಲು ನಿಂದು. ಇಲ್ದಿದ್ರೆ ಬೇಲಿ ಕೆಲಸ ಇದೆ."

ಮೇಲೆ ಇರುವುದು ಗ್ರಿಜ್ಲಿ ಕರಡಿಯ ಕಾಡು. ಕರಡಿ ಓಡಿಸುವ ಖಾರದ ಸ್ಪ್ರೇ ಎಲ್ಲರ ಸೊಂಟದಲ್ಲೂ ಇರುತ್ತದೆ, ಆದರೂ ಸಾಲು ನಡೆಸುವವನ ಜೀನಿನಲ್ಲಿ ಒಂದು ರೈಫಲ್ ಇರಲೇಬೇಕು. ಡೆಲ್ಮರನ ಹಳೆಯ ಉದ್ದ ರೈಫಲ್ ಈಗ ಅವನ ಕೈಗೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಗುರುವಾರ ನನ್ನನ್ನೂ ಎಳೆದುಕೊಂಡು ವಿಲ್ಮಾಳ ಕೋವಿ ಅಂಗಡಿಗೆ ಹೊರಟ. ನಾನು ಆರ್ಲೊ, ರೂಡ್‌ನ ಪ್ರಾಣಿಗಳಿಗೆ ಲಾಳ ಕಟ್ಟುವವನು.

ವಿಲ್ಮಾ ಮುದುಕಿ. ಊರಿನ ಗಂಡಸರೆಲ್ಲ ಅವಳಿಗೆ 'ಮರಿ'ಗಳೇ. ಕೌಂಟರಿನ ಮೇಲೆ ಎರಡು ರೈಫಲ್ ಮಲಗಿಸಿದಳು. ಎರಡೂ ಗಿಡ್ಡ, ಎರಡಕ್ಕೂ ಹಿಡಿಯ ಕೆಳಗೆ ಬಳೆಯಂಥ ಲಿವರ್. ಅದನ್ನು ಮುಂದಕ್ಕೆ ದೂಡಿ ಹಿಂದಕ್ಕೆಳೆದರೆ ಖಾಲಿ ತೋಟಾ ಹಾರಿ ಹೊಸದು ಕೂರುತ್ತದೆ. ಎರಡೂ ತಿನ್ನುವುದು ಪಿಸ್ತೂಲಿನ ತೋಟಾ.

"ಎಡಗೈಗೆ ಇದೇ ಸರಿ ಕಣೋ ಮರಿ," ಎಂದಳು. "ಲಿವರ್ರು ಮಧ್ಯದಲ್ಲಿದೆ, ಯಾವ ಕೈ ಅಂತ ಕೇಳಲ್ಲ. ಪಿಸ್ತೂಲ್ ತೋಟಾ ಗಿಡ್ಡ, ಅದಕ್ಕೇ ಲಿವರ್ ದೂಡೋ ದೂರಾನೂ ಗಿಡ್ಡ. ಇದು ನಲವತ್ನಾಲ್ಕು, ದಪ್ಪ ಗುಂಡು. ಇದು ಮುನ್ನೂರೈವತ್ತೇಳು, ಅಂಕಿ ದೊಡ್ಡದು, ಗುಂಡು ಸಣ್ಣದು."

ಡೆಲ್ಮರ್ ಮುನ್ನೂರೈವತ್ತೇಳರ ಕಡೆ ನೋಡಲೂ ಇಲ್ಲ. ದಪ್ಪ ತೋಟಾದ ನಲವತ್ನಾಲ್ಕನ್ನೇ ಎತ್ತಿಕೊಂಡ. "ನನ್ ರಿವಾಲ್ವರ್ರೂ ನಲವತ್ನಾಲ್ಕೇ. ಒಂದೇ ಡಬ್ಬಿ ಗುಂಡು ಎರಡಕ್ಕೂ ಆಗುತ್ತೆ."

"ರಿವಾಲ್ವರ್ ಯಾವ ಕೈಲಿ ಹೊಡೀತೀಯ?" ಎಂದು ಕೇಳಿದೆ.

ಕಾಫಿ ಪಾತ್ರೆಯ ಪಕ್ಕ ಕೂತಿದ್ದ ಗಸ್ ಟಿಬೆಟ್ಸ್ ಬಾಯಿ ಹಾಕಿದ. ದಿನವಿಡೀ ಅಲ್ಲಿ ಕೂರುವುದೇ ಅವನ ಉದ್ಯೋಗ. "ಆ ಸಣ್ಣದನ್ನ ತಗೋಬೇಡ ಡೆಲ್ಮರ್. ಕರಡಿಗೆ ಹೊಡೆದ್ರೆ ಕರಡಿ ಕೋಪ ಮಾಡ್ಕೊಳುತ್ತೆ ಅಷ್ಟೆ. ಅಳಿಲು ಹೊಡಿಯೋಕೆ ಚೆನ್ನಾಗಿದೆ."

"ನೀನು ಕೊನೇ ಸಲ ಬೆಟ್ಟ ಹತ್ತಿದ್ದು ಯಾವಾಗಲೋ ಗಸ್? ನಿನ್ ಹೊಟ್ಟೆ ಹೊರೋಕೇ ಒಂದು ಹೇಸರಗತ್ತೆ ಬೇಕು. ಬಾಯ್ ಮುಚ್ಕೊಂಡು ಕಾಫಿ ಕುಡಿ!" ಎಂದೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ವಿಲ್ಮಾ ಜಗಳಕ್ಕೆ ಜಾಗ ಕೊಡಲಿಲ್ಲ. ಎರಡನ್ನೂ ಹಿತ್ತಲಿನ ಮಣ್ಣುದಿಬ್ಬಕ್ಕೆ ಹೊರಿಸಿಕೊಂಡು ಹೋದಳು. ಡೆಲ್ಮರ್ ನಲವತ್ನಾಲ್ಕರ ಹಿಡಿಯನ್ನು ಎಡಭುಜಕ್ಕೆ ಒತ್ತಿದ, ನಳಿಗೆಯನ್ನು ಸತ್ತ ಬಲಗೈಯ ಮೇಲೆ ಇಟ್ಟುಕೊಂಡ. ಮೊದಲ ಗುಂಡು ದಿಬ್ಬಕ್ಕೆ ಒರಗಿಸಿದ್ದ ಹಲಗೆಗೆ ಬಿತ್ತು, ಒದೆತಕ್ಕೆ ನಳಿಗೆ ತೋಳಿನಿಂದ ಜಾರಿತು. ಲಿವರ್ ದೂಡಿದ. ದೂಡುವ ಜೋರಿಗೆ ಎದುರು ಹಿಡಿಯುವ ಕೈ ಇಲ್ಲವಲ್ಲ, ಮೂತಿ ನೆಲಕ್ಕೆ ಬಗ್ಗಿತು, ಲಿವರ್ ಪೂರಾ ಹೋಗದೆ ಅರ್ಧದಿಂದಲೇ ವಾಪಸು ಬಂತು. ಲಿವರ್ ರೈಫಲ್ಲಿಗೆ ಅರ್ಧ ಮನಸ್ಸು ಆಗುವುದಿಲ್ಲ. ಖಾಲಿ ತೋಟಾ ಹೊರಬೀಳದೆ, ಹೊಸದು ಒಳಹೋಗದೆ ಎಲ್ಲ ಕಚ್ಚಿಕೊಂಡು ನಿಂತಿತು. ಡೆಲ್ಮರ್ ಹಲ್ಲು ಕಚ್ಚಿ ಲಿವರನ್ನು ಬಡಿದ. ಮತ್ತೆ ಬಡಿದ.

"ನನ್ ಮಾಲು ಕಣೋ ಅದು, ಮುರೀಬೇಡ," ಎಂದು ವಿಲ್ಮಾ ಮೆಲ್ಲಗೆ ಅದನ್ನು ಅವನ ಕೈಯಿಂದ ಬಿಡಿಸಿ ಇನ್ನೊಂದನ್ನು ಇಟ್ಟಳು.

ಮುನ್ನೂರೈವತ್ತೇಳು ಅಷ್ಟು ಒದೆಯಲಿಲ್ಲ. ಗುಂಡು ಹೊಡೆದ ಮೇಲೂ ಮೂತಿ ಅವನ ತೋಳಿನ ಮೇಲೇ ಉಳಿಯಿತು, ಲಿವರ್ ಕೊನೆಯವರೆಗೂ ಹೋಗಿ ಬಂತು. ಹೊಡೆದ, ದೂಡಿದ, ಹೊಡೆದ. ನಾನು ಚಪ್ಪಾಳೆ ತಟ್ಟಿದೆ. ಅವನು ಮಾತ್ರ ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣಿನ ಮೇಲೆ ಕೂತುಬಿಟ್ಟ.

"ಕರಡಿ ಬಂದ್ರೆ ಆರ್ಲೊ?"

ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ವರ್ಷದಲ್ಲಿ ಎಷ್ಟು ಕರಡಿ ಹೊಡೆದಿದ್ದೀಯ, ಹೇಳು!"

"ಒಂದೂ ಇಲ್ಲ."

"ಮತ್ತೆ ರೈಫಲ್ ತೆಗೆದಿದ್ದು ಯಾವುದಕ್ಕೆ?"

ಅವನು ಒಂದೊಂದಾಗಿ ಹೆಸರು ಹೇಳಿದ. "ಡಚೆಸ್ಸಿಗೆ. ಟಫಿಗೆ. ಆ ಕುಂಟ ಬೂದುಬಣ್ಣದ್ದಕ್ಕೆ. ಹೇರು ಹೊಟ್ಟೆ ಕೆಳಗೆ ಜಾರಿ ಕಮರಿಗೆ ಉರುಳಿತ್ತಲ್ಲ ರೋಸಿ, ಅವಳಿಗೆ." ಕಾಲು ಮುರಿದ ಹೇಸರಗತ್ತೆಯನ್ನು ಬೆಟ್ಟದಲ್ಲಿ ನರಳಲು ಬಿಡುವುದಿಲ್ಲ, ಗುಂಡು ಹೊಡೆದು ಮುಗಿಸುತ್ತಾರೆ, ಸಾಲು ನಡೆಸುವವನೇ ಆ ಕೆಲಸ ಮಾಡಬೇಕು.

"ಅದಕ್ಕೆ ಇದು ಸಾಲದೇನೋ?"

"ಸಾಕು," ಎಂದ. ಸಣ್ಣದನ್ನೇ ತೆಗೆದುಕೊಂಡ.

ಎರಡು ದಿನ ಜಲ್ಲಿಗುಂಡಿಯ ಕಡೆಯಿಂದ ಅದರ ಸದ್ದು ಕೇಳುತ್ತಲೇ ಇತ್ತು. ಅವನು ಸರಿಯಾಗಿ ಉಣ್ಣಲಿಲ್ಲ. ನನ್ನ ಹೆಂಡತಿ ಕಳಿಸಿದ ಬನ್ನಿನಂಥ ಬಿಸ್ಕಿಟ್ಟು, ಗ್ರೇವಿ ಬಾಗಿಲ ಬಳಿಯೇ ಆರಿ ಗಟ್ಟಿಯಾಗಿತ್ತು. "ಸಾಲು ಹೋದ್ರೆ ನಾನು ಬೇಲಿಗೆ ಮೊಳೆ ಹೊಡ್ಕೊಂಡು ಕೂರಲ್ಲ," ಎಂದ ಒಮ್ಮೆ. ಮತ್ತೇನು ಮಾಡುತ್ತೀಯ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಶನಿವಾರ ರೂಡ್ ಬಕೆಟ್ಟಿನ ಮುಚ್ಚಳವನ್ನು ಬೇಲಿ ಗೂಟಕ್ಕೆ ತೂಗುಹಾಕಿದ. ಡೆಲ್ಮರ್ ಮೂರು ಹೊಡೆದ. ಮೂರು ತೂತು. ನಾನು ಕುಣಿದೆ, ಡೆಲ್ಮರ್ ನಕ್ಕ. ರೂಡ್ ನಗಲಿಲ್ಲ. ಮುಚ್ಚಳವನ್ನು ಬಿಚ್ಚಿ ಕೈಯಲ್ಲಿ ತಿರುಗಿಸುತ್ತ, ಬೀಳಬಾರದ್ದು ಬಿದ್ದಿದೆ ಎಂಬಂತೆ ನೋಡುತ್ತ ನಿಂತ.

"ತಪ್ಪಿದ್ರೆ ಚೆನ್ನಾಗಿತ್ತು ಡೆಲ್ಮರ್," ಎಂದ.

"ಏನಂದೆ?" ಎಂದು ನಾನು ಮುನ್ನುಗ್ಗಿದೆ.

"ನಿನ್ ಹತ್ರ ಮಾತಾಡ್ತಿಲ್ಲ ಆರ್ಲೊ." ಆಮೇಲೆ ಅವನು ಲಾಯದಿಂದ ಪರ್ಲ್ ಎಂಬ ಹೇಸರಗತ್ತೆಯನ್ನು ಎಳೆದು ತಂದ. ಎಲ್ಲಕ್ಕಿಂತ ಸಾಧು ಪ್ರಾಣಿ ಅದು. ಎರಡು ಪೆಟ್ಟಿಗೆ ಮತ್ತು ಹಗ್ಗವನ್ನು ನೆಲಕ್ಕೆ ಹಾಕಿದ. "ಕಟ್ಟು."

ಆಗ ನನಗೆ ಹೊಳೆಯಿತು. ಡೆಲ್ಮರನಿಗೂ ಹೊಳೆದಿರಬೇಕು, ರೈಫಲ್ಲನ್ನು ಬೇಲಿಗೆ ಒರಗಿಸಿಟ್ಟ. ಹೇರಿನ ಹಗ್ಗಕ್ಕೆ ಎರಡು ಕೈ ಬೇಕು, ಒಂದು ಎಳೆದ ಬಿಗಿಯನ್ನು ಹಿಡಿದಿರಬೇಕು, ಇನ್ನೊಂದು ಸುತ್ತು ಹಾಯಿಸಬೇಕು. ಹಗ್ಗದಲ್ಲಿ ಸೋಲುವುದಕ್ಕಿಂತ ಗುಂಡಿನಲ್ಲಿ ಸೋತರೆ ಅವನು ರೈಫಲ್ಲನ್ನು ಬೈದುಕೊಂಡು ಬದುಕಿಯಾನು ಎಂದು ರೂಡ್ ಲೆಕ್ಕ ಹಾಕಿದ್ದ. ಅಂಗಡಿಯಲ್ಲಿ ಇನ್ನೊಂದು ರೈಫಲ್ ಸಿಗುತ್ತದೆ. ಇನ್ನೊಂದು ಕೈ ಎಲ್ಲಿ ಸಿಗುತ್ತದೆ?

ಡೆಲ್ಮರ್ ಕಟ್ಟಿದ. ಹೆಗಲಿನಿಂದ ಪೆಟ್ಟಿಗೆ ಒತ್ತಿ ಹಿಡಿದ, ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿದ, ಎಡಗೈಯಲ್ಲಿ ಎಳೆದ. ತುಟಿ ಒಡೆದು ರಕ್ತ ಬಂತು. ಬೇರೆಯವನು ಅಷ್ಟು ಹೊತ್ತಿನಲ್ಲಿ ಅರ್ಧ ಸಾಲು ಹೇರುತ್ತಿದ್ದ. ಮುಗಿದ ಮೇಲೆ ಅವನು ಹಿಂದೆ ಸರಿದ. ರೂಡ್ ಪೆಟ್ಟಿಗೆಯ ಮೂಲೆ ಹಿಡಿದು ಒಮ್ಮೆ ಅಲ್ಲಾಡಿಸಿದ. ಹೇರು ಪಕ್ಕಕ್ಕೆ ಜಾರಿತು.

"ರೋಸಿ," ಎಂದ ಡೆಲ್ಮರ್. ಯಾರಿಗೂ ಹೇಳಲಿಲ್ಲ, ಸುಮ್ಮನೆ ಅಂದ.

"ಹೂಂ," ಎಂದ ರೂಡ್.

"ಕೆಳಗಿನ ಬಿಡಾರಕ್ಕೆ ಉಪ್ಪು ಹೋಗ್ಬೇಕಲ್ಲ. ಅಲ್ಲಿ ಕಮರಿ ಇಲ್ಲ. ಪರ್ಲ್ ಒಂದನ್ನ ಕೊಡು ನಂಗೆ." ಈ ಮನುಷ್ಯ ಯಾರಲ್ಲಾದರೂ ಬೇಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಾನ್ ಕಟ್ತೀನಿ, ನೀನ್ ಅಲ್ಲಾಡ್ಸು. ಜಾರಿದ್ರೆ ಮತ್ತೆ ಕಟ್ತೀನಿ. ಜಾರದೇ ಇರೋವರೆಗೂ ಕಟ್ತೀನಿ ರೂಡ್."

ರೂಡ್ ಹೇಸರಗತ್ತೆಯ ಕಿವಿ ಕೆರೆದ. "ಬಿಚ್ಚು," ಎಂದ. "ಮೊದಲಿಂದ ಕಟ್ಟು."

ಸಾಲು ಮೊಂಟಾನಾದಿಂದ ಬಂದವನೊಬ್ಬನಿಗೆ ಹೋಯಿತು. ಡೆಲ್ಮರನಿಗೆ ಪರ್ಲ್ ಮತ್ತು ಉಪ್ಪು. ನಾನು ಲಾಳ ಕಟ್ಟಲು ಹೋದಾಗಲೆಲ್ಲ ಅವನು ಬಾಯಲ್ಲಿ ಹಗ್ಗ ಕಚ್ಚಿಕೊಂಡು ಅಂಗಳದಲ್ಲೇ ಇರುತ್ತಾನೆ. ಎಷ್ಟೋ ದಿನ ಹೊರಡುವುದೇ ಮಧ್ಯಾಹ್ನವಾಗುತ್ತದೆ, ಕೆಲವು ದಿನ ಹೊರಡುವುದೇ ಇಲ್ಲ.

ಮೊನ್ನೆ ಮೊಂಟಾನಾದವನ ಸಾಲು ಗಂಟೆ ಆಡಿಸುತ್ತ ನಮ್ಮ ಮುಂದೆಯೇ ಬೆಟ್ಟ ಹತ್ತಿತು. ಡೆಲ್ಮರ್ ಹಗ್ಗ ಉಗುಳಿ ಕೇಳಿದ: "ಆರ್ಲೊ, ಒಂದೇ ಹೇಸರಗತ್ತೆ ಇದ್ರೆ ಅದನ್ನ ಸಾಲು ಅಂತಾರೇನೋ?"

"ಇಲ್ಲ," ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಗೊತ್ತು ಬಿಡು," ಎಂದು ಅವನು ಹಗ್ಗವನ್ನು ಮತ್ತೆ ಹಲ್ಲಿಗೆ ಕೊಟ್ಟ.