ಕರೆಂಟು ಬಂದರೂ ಏಳದವರು

ನನಗೆ ಹೊಟ್ಟೆಕಿಚ್ಚಿರುವುದು ಸತ್ತುಹೋದ ಒಬ್ಬ ಮನುಷ್ಯನ ಮೇಲೆ. ನಾನು ಹುಟ್ಟುವ ಮೊದಲೇ ತೀರಿಕೊಂಡವನು, ಪಾಪ, ನನಗೇನೂ ಕೇಡು ಮಾಡಿಲ್ಲ. ಒಂದು ಕಾದಂಬರಿ ಬರೆದಿಟ್ಟು ಹೋದ, ಅಷ್ಟೇ. ನಾನೂ ಒಂದು ಬರೆದಿದ್ದೇನೆ. ತೊಂದರೆ ಶುರುವಾಗುವುದು ಅಲ್ಲಿಂದ.

ಬಳ್ಳಾರಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನ ಹೆಂಡತಿ ಸರೋಜಾ ಜೀನ್ಸ್ ಹೊಲಿಸುತ್ತಾಳೆ. ಆರು ಮಿಷನ್ನು, ಆರು ಜನ ಹೆಂಗಸರು. ಅತ್ತ ಕುಡತಿನಿಯಲ್ಲಿ ಅಷ್ಟೆತ್ತರದ ಚಿಮಣಿಗಳು ಕರೆಂಟು ತಯಾರಿಸುತ್ತಲೇ ಇರುತ್ತವೆ. ನಮ್ಮ ಓಣಿ ಮುಟ್ಟುವಷ್ಟರಲ್ಲಿ ಅದಕ್ಕೆ ದಣಿವಾಗುತ್ತದೋ ಏನೋ. ಕರೆಂಟು ಹೋಗಿ ಮಿಷನ್ನು ನಿಂತಾಗೆಲ್ಲ ಸರೋಜಾ ಅವರಿಗೆ ಕಾದಂಬರಿ ಓದಿ ಹೇಳುತ್ತಾಳೆ.

ಸುಳ್ಳು ಹೇಳಬಾರದು, ಮೊದಲು ನನ್ನದನ್ನೇ ಓದಿದಳು. ಸಿರುಗುಪ್ಪದಲ್ಲಿ ಶಾಲು ಹೊದಿಸಿ ಬಿಡುಗಡೆ ಮಾಡಿದ ಪುಸ್ತಕ ಅದು. ಅದರಲ್ಲಿ ಮೊಬೈಲಿದೆ, ಮಾಲ್ ಇದೆ, ನಾಯಕಿ ವಿಡಿಯೋ ಕಾಲಿನಲ್ಲೇ ಅಳುತ್ತಾಳೆ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ನಾಯಕಿ ಅಳುವ ಹೊತ್ತಿಗೆ ಸರಿಯಾಗಿ ಫ್ಯಾನು ತಿರುಗಿತು, ಆರೂ ಮಿಷನ್ನು ಗರ್ರೆಂದವು. ಮರುದಿನ ಕರೆಂಟು ಹೋದಾಗ, ಮೋಕದಿಂದ ದಿನಾ ಬಸ್ಸಿಗೆ ಬರುವ ಹುಲಿಗೆಮ್ಮ ಮೆಲ್ಲಗೆ ಕೇಳಿದಳು: "ಅಕ್ಕಾರ, ಬ್ಯಾರೆ ಯಾವುದರ ಐತೇನ್ರಿ?"

ಆಗ ಹೊರಬಂತು ಆ ಸತ್ತವನ ಹಳೆಯ ಕಾದಂಬರಿ, ಸರೋಜಾ ತವರಿನಿಂದ ತಂದದ್ದು. ಅದರಲ್ಲಿ ಫೋನಿಲ್ಲ, ಬಸ್ಸಿಲ್ಲ. ಓದು ಕಲಿಯುವ ಆಸೆಯ ಒಬ್ಬ ಸೊಸೆ, ಬೇಡವೆನ್ನುವ ಅತ್ತೆ, ನಡುವೆ ಬಾಯಿಬಿಡದ ಗಂಡ. ನಾಲ್ಕು ಪುಟ ಆಗಿರಲಿಲ್ಲ, ಹುಲಿಗೆಮ್ಮ ತಡೆದಳು.

"ನಮ್ಮತ್ತೀನ ಈ ಬರದಾಂವ ಯಾವಾಗ ನೋಡಿದ್ನ್ರಿ? ಮಗಳ ಸಾಲಿ ಬಿಡಸು ಅಂತ ಆಕೀನೂ ಹಿಂಗ ಕಾಡ್ತಾಳ."

ಕರೆಂಟು ಬಂತು. ಯಾರೂ ಏಳಲಿಲ್ಲ. ಮೂವತ್ತು ವರ್ಷ ಕುರುಗೋಡಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಸಹೃದಯನ ಲಕ್ಷಣಗಳನ್ನು ಹುಡುಗರಿಗೆ ಉರು ಹೊಡೆಸಿದ್ದೇನೆ. ಕರೆಂಟು ಬಂದರೂ ಏಳದವನೇ ಸಹೃದಯ ಎಂದು ಯಾವ ಆಲಂಕಾರಿಕನೂ ನನಗೆ ಹೇಳಿರಲಿಲ್ಲ.

ನನ್ನ ಮುಖ ನೋಡಿ ಸರೋಜಾ ನಕ್ಕಳು. "ಹೆತ್ತವರಿಗೆ ಹೆಗ್ಗಣ ಮುದ್ದು ಬಿಡ್ರಿ. ನಿಮ್ಮ ಪುಸ್ತಕದಾಗ ಸಾಮಾನು ಭಾಳ ಅದಾವು, ಮಂದಿ ಕಡಿಮಿ."

ಎರಡು ದಿನ ಅವಳೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಒಬ್ಬಳಾದರೂ ನನ್ನ ಕಥೆಗಾಗಿ ಕೂತಿರಲಿ ಎಂಬ ಆಸೆ. ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ.

ನಿನ್ನೆ ಸಂಜೆ ಮನೆಗೆ ಹೊರಟ ಹುಲಿಗೆಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

"ಸರ, ನೀವೂ ಕಥಿ ಬರ್ಯಾವ್ರು, ಅದಕ್ಕ ಕೇಳ್ತೀನಿ."

ನನ್ನೆದೆ ಉಬ್ಬಿತು.

"ಆ ಸೊಸಿ ಕಡೀಕ ಓದಾಕ ಕಲೀತಾಳೇನ್ರಿ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಆ ಪುಸ್ತಕದ ಕಥೆ ನಮ್ಮ ಶೆಡ್ಡಿನಲ್ಲಿ ಅಲ್ಲಿಗೆ ಮುಗಿಯಿತು. ಸೇಡು ತೀರಿಸಿಕೊಳ್ಳಲು ಇಷ್ಟು ಸಲೀಸಾದ ದಾರಿ ಯಾರಿಗೆ ಸಿಕ್ಕೀತು?

"ಮರೆತು ಹೋಗೇತವ್ವಾ. ನೀನ ಕೇಳಿ ನನಗೂ ಹೇಳು," ಎಂದೆ.

ಅವಳು ಬಸ್ಸು ಹಿಡಿಯಲು ಓಡಿದಳು. ಸತ್ತವನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆ ಹೊತ್ತಿಗೆ ಅವಳ ಮೇಲೆ ತಿರುಗಿತ್ತು. ಆ ಕೊನೆಯ ಪುಟ ಅವಳು ಕೇಳುವುದು ಇನ್ನೂ ಬಾಕಿಯಿದೆ. ನಾನು ಅದನ್ನು ಮೊದಲ ಸಲ ಓದಿ ಮುಗಿಸಿ ನಲವತ್ತು ವರ್ಷವಾಯಿತು.