ಫಕೀರವ್ವನ ಕೊಸರು

ಬೆಳಗಾವಿಯ ಆ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರವನ್ನು ದಿನಾ ಬೆಳಿಗ್ಗೆ ಪರೀಕ್ಷಿಸುವುದು ಪ್ರಮಿಳಾಳ ಕೆಲಸ. ಪ್ರಮಾಣ ಸರಿಯಿದೆ ಎಂದು ಅವಳು ಹೇಳುವವರೆಗೆ ಎಂಥ ದೊಡ್ಡ ಡಾಕ್ಟರಾದರೂ ಕೈಕಟ್ಟಿ ಕೂರಬೇಕು. ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ, ಹೆಚ್ಚಾದರೆ ಮನುಷ್ಯನೇ ಸುಟ್ಟುಹೋಗುತ್ತಾನೆ. ಅಳತೆಯ ವಿಷಯದಲ್ಲಿ ಅವಳು ಮಹಾ ಹಟಮಾರಿ.

ಅವಳ ತಾಯಿ ಫಕೀರವ್ವನ ಕೈಯೇ ಬೇರೆ. ಖಾನಾಪುರದ ಸಂತೆಯಲ್ಲಿ ಚುರುಮುರಿ ಮಾರುತ್ತಿದ್ದಳು. ಸೇರು ತುಂಬಿ ಅಳೆದ ಮೇಲೂ ಒಂದು ಬೊಗಸೆ ಕೊಸರು ಹಾಕದಿದ್ದರೆ ಅವಳ ಜೀವಕ್ಕೆ ಸಮಾಧಾನವಿಲ್ಲ. ಇದ್ದ ಲಾಭವೆಲ್ಲ ಆ ಬೊಗಸೆಯಲ್ಲೇ ಹೋಗುತ್ತದೆಂದು ಮಗಳು ಎಷ್ಟು ಬೈದರೂ ಅಷ್ಟೇ.

ಅಂಥವಳ ಅನ್ನನಾಳಕ್ಕೇ ಗಡ್ಡೆ ಬಂತು. ಮಗಳ ಯಂತ್ರದಡಿಯೇ ಮಲಗಬೇಕಾಯಿತು. ವಿಕಿರಣಕ್ಕೆ ಎಲ್ಲ ರೋಗಿಗಳಂತೆ ಅವಳೂ ಕರೆಂಟ್ ಎನ್ನುತ್ತಿದ್ದಳು.

“ಇವತ್ತ ಕರೆಂಟ್ ಒಂಚೂರು ಕೊಸರು ಹಾಕ ನನ್ನವ್ವಾ. ನಿನ್ನ ಕೈಯಾಗ ಐತಲ್ಲ.”

“ಹಂಗೆಲ್ಲಾ ಹಾಕಾಕ ಬರೂದಿಲ್ಲ ಯವ್ವಾ. ಹೆಚ್ಚಾದ್ರ ಸುಟ್ಟ ಹೋಗ್ತಿ.”

“ಒಂದ ಚಿಟಿಕಿ. ಯಾರಿಗೂ ಗೊತ್ತಾಗೂದಿಲ್ಲ.”

“ಇಲ್ಲಂದ್ರ ಇಲ್ಲ!”

ಫಕೀರವ್ವ ಯಂತ್ರದಡಿ ಕಣ್ಣು ಮುಚ್ಚಿ ಮಲಗಿದಳು. ಬರೀ ಬಾಯಿಮಾತಿಗೆ ಹೂಂ ಎಂದಿದ್ದರೆ ಈ ಹುಡುಗಿಯ ಗಂಟೇನು ಹೋಗುತ್ತಿತ್ತೋ! ಆದರೆ ಪ್ರಮಿಳಾಳಿಗೆ ಆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

ಚಿಕಿತ್ಸೆ ಮುಗಿಯಿತು, ಗಡ್ಡೆ ಜಗ್ಗಲಿಲ್ಲ. ಮಳೆಗಾಲದ ಹೊತ್ತಿಗೆ ಗುಟುಕು ನೀರೂ ಗಂಟಲಲ್ಲಿ ಇಳಿಯದೆ ಫಕೀರವ್ವ ಹೋಗಿಬಿಟ್ಟಳು. ಪ್ರಮಿಳಾ ತಾಯಿಗೆ ಕೊಟ್ಟ ಪ್ರತಿ ಅಳತೆಯ ದಾಖಲೆಯನ್ನೂ ಮತ್ತೆ ತೆಗೆದು ನೋಡಿದಳು. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಬೈಯಲಾದರೂ ಒಬ್ಬರು ಸಿಗುತ್ತಾರೆ, ತಾನೇ ಆದರೂ ಸರಿ ಎಂದು ಅವಳ ಆಸೆ. ಎಲ್ಲವೂ ಸರಿಯಾಗಿಯೇ ಇತ್ತು. ಅವಳು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ದಿನಕರ್ಮಕ್ಕೆ ಖಾನಾಪುರಕ್ಕೆ ಹೋದಾಗ, ಸಂತೆಯಲ್ಲಿ ತಾಯಿಯ ಪಕ್ಕದಲ್ಲೇ ಕೂತು ಕಾಯಿಪಲ್ಲೆ ಮಾರುತ್ತಿದ್ದ ಭೀಮಕ್ಕ ಬಂದು ತಬ್ಬಿಕೊಂಡಳು.

“ನಿಮ್ಮವ್ವ ಸಾಯೂತನಕ ಅದನ್ನ ಹೇಳಿದ್ಲು ನೋಡ ತಂಗಿ. ‘ನನ್ನ ಮಗಳು ಬಾಯ್ಲೆ ಇಲ್ಲ ಅಂತಾಳ, ಒಳಗ ಹೋಗಿ ಕದ್ದ ಕೊಸರು ಹಾಕ್ತಾಳ. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ಹಾಕಲಾರದ ಇರ್ತಾಳೇನು?’ ಅಂತಿದ್ಲು. ಖರೇನ ಹಾಕಿದ್ದಿಯೇನವ್ವಾ?”

ಜೀವಮಾನದಲ್ಲಿ ಮೊದಲ ಸಲ ಪ್ರಮಿಳಾ ಸುಳ್ಳು ಅಳತೆ ಹೇಳಿದಳು.

“ಹಾಕಿದ್ದೆ, ಭೀಮಕ್ಕಾ.”

ಆ ಮಾತು ಕೇಳಬೇಕಾಗಿದ್ದವಳು ಮಾತ್ರ ಅಲ್ಲಿರಲಿಲ್ಲ.